ಚಿಕ್ಕ ಮಕ್ಕಳ ಜೊತೆ ದುಡಿಯುವ ಕೆಲಸಗಳು: ದಾನಿಗಳಿಗೂ ವಿದ್ಯಾರ್ಥಿವೇತನದ ಕುಟುಂಬಗಳಿಗೂ ಒಂದು ವಿವರಣೆ



ಪ್ರತಿ ವರ್ಷ ಅರ್ಜಿಗಳನ್ನು ನೋಡಲು ಕೂತಾಗ ನಮ್ಮ ಸಮಿತಿಯ ಮುಂದೆ ಒಂದು ದೃಶ್ಯ ಮತ್ತೆ ಮತ್ತೆ ಬರುತ್ತದೆ. ಪಿಯುಸಿ ಮುಗಿಸಿದ ಹುಡುಗಿ ಅಪ್ಪನ ಪಕ್ಕದಲ್ಲಿ ಕೂತಿರುತ್ತಾಳೆ. ಮುಂದೇನು ಓದುತ್ತೀಯಮ್ಮಾ ಎಂದು ಕೇಳಿದರೆ ತಲೆ ತಗ್ಗಿಸುತ್ತಾಳೆ. ಅಪ್ಪ ಉತ್ತರ ಕೊಡುತ್ತಾರೆ: "ಡಾಕ್ಟರ್, ಇಂಜಿನಿಯರ್ ನಮ್ಮ ಕೈಲಾಗೂದಿಲ್ರಿ. ಬಿ.ಎ. ಮಾಡ್ಲಿ ಅಂತೀವಿ, ಇಲ್ಲಾಂದ್ರ ಮದುವಿ." ಅಂಥ ಒಬ್ಬ ತಂದೆಗೆ ನಾವು ಅಂಗನವಾಡಿ ಮತ್ತು ಬಾಲವಾಡಿಯ ಕೆಲಸಗಳ ಮಾತು ತೆಗೆದೆವು. ಅವರು ನೊಂದುಕೊಂಡೇ ಹೇಳಿದರು: "ಸರ್, ಸಣ್ಣ ಹುಡುಗರ ಮೂಗು ಒರಸೂದಕ್ಕ ನನ್ನ ಮಗಳು ಹನ್ನೆರಡನೇತ್ತೆ ತನಕಾ ಓದ್ಯಾಳೇನ್ರಿ?"

ಆ ಪ್ರಶ್ನೆಗೆ ಅಂದು ನಾವು ಸರಿಯಾದ ಉತ್ತರ ಕೊಡಲಿಲ್ಲ. ಈ ಲೇಖನ ಆ ಉತ್ತರ. ಮನೋಳಿ, ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆಯ ನಮ್ಮ ಮಕ್ಕಳಿಗೆ ಈ ಕ್ಷೇತ್ರದಲ್ಲಿ ಯಾವ ಯಾವ ಕೆಲಸಗಳಿವೆ, ಅವಕ್ಕೆ ಏನು ಓದಿರಬೇಕು, ಎಷ್ಟು ಸಿಗುತ್ತದೆ, ಎಲ್ಲಿ ಎಡವುತ್ತೇವೆ ಎಂಬುದನ್ನು ಇದ್ದದ್ದು ಇದ್ದಂತೆ ಬರೆದಿದ್ದೇವೆ.

ಆರು ವರ್ಷದೊಳಗೆ ಏನಾಗುತ್ತದೆ

ನಮ್ಮ ಹಿರಿಯರಿಗೆ ಈ ವಿಷಯ ಹೊಸದಲ್ಲ. ಮಗುವಿಗೆ ನಾಲ್ಕು ವರ್ಷ, ನಾಲ್ಕು ತಿಂಗಳು, ನಾಲ್ಕು ದಿನ ತುಂಬಿದಾಗ ಹೊಸ ಬಟ್ಟೆ ತೊಡಿಸಿ ಬಿಸ್ಮಿಲ್ಲಾಖಾನಿ ಮಾಡಿಸುವ ಪದ್ಧತಿ ದಖನ್ನಿನ ಮುಸ್ಲಿಂ ಮನೆಗಳಲ್ಲಿ ಬಹಳ ಹಿಂದಿನಿಂದ ಇದೆ. ಅಂದರೆ ಶಾಲೆಯ ಒಂದನೇ ತರಗತಿಗೆ ಮುಂಚೆಯೇ ಕಲಿಕೆ ಶುರುವಾಗಬೇಕು ಎಂಬ ತಿಳಿವಳಿಕೆ ಅವರಿಗೆ ಇತ್ತು.

ಈಗ ಅದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತಾರೆ. ಮಗುವಿನ ಮಿದುಳಿನ ಬೆಳವಣಿಗೆಯಲ್ಲಿ ಶೇ. 85ಕ್ಕೂ ಹೆಚ್ಚು ಭಾಗ ಆರು ವರ್ಷದೊಳಗೆ ಆಗುತ್ತದೆ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದೆ. ಅದು 3ರಿಂದ 8 ವರ್ಷದವರೆಗಿನ ಕಾಲವನ್ನು ಒಂದೇ ಬುನಾದಿ ಹಂತವೆಂದು ಕರೆದಿದೆ. ಅಮೆರಿಕದ ಮಿಶಿಗನ್ ರಾಜ್ಯದ ಇಪ್ಸಿಲಾಂಟಿ ಎಂಬ ಊರಿನಲ್ಲಿ 1962ರಲ್ಲಿ ಒಂದು ಪ್ರಯೋಗ ಶುರುವಾಯಿತು. ಬಡ ಕರಿಯ ಕುಟುಂಬಗಳ 123 ಮಕ್ಕಳನ್ನು ಆರಿಸಿ, 58 ಮಕ್ಕಳಿಗೆ ಒಳ್ಳೆಯ ಬಾಲವಾಡಿ ಶಿಕ್ಷಣ ಕೊಟ್ಟರು. ಉಳಿದ 65 ಮಕ್ಕಳಿಗೆ ಕೊಡಲಿಲ್ಲ. ನಲವತ್ತು ವರ್ಷ ವಯಸ್ಸಾಗುವವರೆಗೂ ಅವರನ್ನು ಗಮನಿಸಿದರು. ಬಾಲವಾಡಿಗೆ ಹೋದವರಲ್ಲಿ ಹೈಸ್ಕೂಲು ಮುಗಿಸಿದವರು ಹೆಚ್ಚು, ಒಳ್ಳೆಯ ಗಳಿಕೆ ಇದ್ದವರು ಹೆಚ್ಚು, ಪೊಲೀಸರ ಕೈಗೆ ಸಿಕ್ಕವರು ಕಡಿಮೆ.

ನಾವು ಶಾಲೆಯಲ್ಲಿ ಕಂಡದ್ದೂ ಇದೇ. ಒಂದನೇ ತರಗತಿಯ ಮೊದಲ ವಾರದಲ್ಲೇ ಗೊತ್ತಾಗುತ್ತಿತ್ತು, ಯಾವ ಮಗುವಿಗೆ ಯಾರೋ ಕಥೆ ಹೇಳಿದ್ದಾರೆ, ಯಾವ ಮಗುವಿಗೆ ಹೇಳಿಲ್ಲ ಎಂದು. ಮನೆಯಲ್ಲಿ ದಖನಿ ಉರ್ದು, ಓಣಿಯಲ್ಲಿ ಕನ್ನಡ, ಪುಸ್ತಕದಲ್ಲಿ ಮತ್ತೊಂದು ಕನ್ನಡ. ಈ ಮೂರರ ನಡುವೆ ನಮ್ಮ ಮಗು ಸುಮ್ಮನೆ ಕೂತುಬಿಡುತ್ತದೆ. ಮಾಸ್ತರು ಅದನ್ನು ದಡ್ಡ ಎನ್ನುತ್ತಾರೆ. ಅದು ದಡ್ಡ ಅಲ್ಲ. ಅದರ ಮನೆಮಾತನ್ನೂ ಶಾಲೆಯ ಮಾತನ್ನೂ ಬಲ್ಲ ಒಬ್ಬ ಅಕ್ಕ, ಒಬ್ಬ ಆಪಾ ಮೂರನೇ ವರ್ಷದಲ್ಲಿ ಅದಕ್ಕೆ ಸಿಗಲಿಲ್ಲ, ಅಷ್ಟೇ. ಆ ಆಪಾ ನಮ್ಮ ಮನೆಗಳಿಂದಲೇ ಬರಬೇಕು ಎಂಬುದು ಈ ಲೇಖನದ ಮೊದಲ ಮಾತು.

ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿ

ಗುಜರಾತಿನ ಭಾವನಗರದಲ್ಲಿ 1920ರಲ್ಲಿ ಗಿಜುಭಾಯಿ ಬಧೇಕಾ ಬಾಲಮಂದಿರ ತೆರೆದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಮಹಾರಾಷ್ಟ್ರದ ಬೋರ್ಡಿ, ಕೋಸಬಾಡದಲ್ಲಿ ಅನುತಾಯಿ ವಾಘ್ ಜೊತೆ ಸೇರಿ ಬಡವರ ಮತ್ತು ಆದಿವಾಸಿಗಳ ಮನೆಯಂಗಳದಲ್ಲೇ ಬಾಲವಾಡಿ ನಡೆಸಿದರು. ಮಗು ಶಾಲೆಗೆ ಬರದಿದ್ದರೆ ಶಾಲೆಯೇ ಮಗುವಿನ ಅಂಗಳಕ್ಕೆ ಹೋಗಲಿ ಎಂಬುದು ಅವರ ವಿಚಾರ. ಸರ್ಕಾರ 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆ ಆರಂಭಿಸಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ.

ಅಲ್ಲಿ ಆರು ಸೇವೆಗಳಿವೆ: ಪೂರಕ ಆಹಾರ, ಶಾಲಾಪೂರ್ವ ಶಿಕ್ಷಣ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ಆಹಾರ ಮತ್ತು ಆರೋಗ್ಯದ ತಿಳಿವಳಿಕೆ. ಕಾರ್ಯಕರ್ತೆ ಮಕ್ಕಳ ತೂಕ ನೋಡುತ್ತಾಳೆ, ಮೊಬೈಲಿನ ಪೋಷಣ್ ಟ್ರ್ಯಾಕರ್‌ನಲ್ಲಿ ದಾಖಲಿಸುತ್ತಾಳೆ, ಗರ್ಭಿಣಿಯರ ಮನೆಗೆ ಹೋಗುತ್ತಾಳೆ, ಹಾಡು ಕಥೆ ಹೇಳಿಸುತ್ತಾಳೆ. ಮೂಗು ಒರೆಸುವುದೂ ಇದೆ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಒಂದು ಓಣಿಯಲ್ಲಿ ಯಾವ ಮಗುವಿನ ತೂಕ ಇಳಿಯುತ್ತಿದೆ ಎಂದು ಮೊದಲು ಗೊತ್ತಾಗುವುದು ಅವಳಿಗೆ. ಇದು ಚಿಕ್ಕ ಜವಾಬ್ದಾರಿಯಲ್ಲ.

ಇತ್ತೀಚಿನ ನೇಮಕಾತಿಗಳಲ್ಲಿ ಕಾರ್ಯಕರ್ತೆಗೆ ದ್ವಿತೀಯ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು; ವಯಸ್ಸು 19ರಿಂದ 35. ಅದೇ ಊರಿನ, ಅದೇ ವಾರ್ಡಿನ ನಿವಾಸಿಯಾಗಿರಬೇಕು. ಅರ್ಜಿ ಆನ್‌ಲೈನ್. ಆಯ್ಕೆಗೆ ಅಂಕಗಳೇ ಮುಖ್ಯ. ವಿಧವೆಯರು, ಪರಿತ್ಯಕ್ತೆಯರಂಥವರಿಗೆ ಆದ್ಯತೆ ಇದೆ. ಲಂಚ ಕೊಟ್ಟರೆ ಆಗುತ್ತದೆ ಎನ್ನುವವರ ಮಾತಿಗೆ ದಯವಿಟ್ಟು ಮರುಳಾಗಬೇಡಿ.

ಇಲ್ಲಿ ನಮ್ಮ ಮಕ್ಕಳು ಎಡವುವ ಎರಡು ಜಾಗಗಳಿವೆ. ಮೊದಲನೆಯದು ಭಾಷೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಓದಿರಬೇಕೆಂದು ಅಧಿಸೂಚನೆಗಳು ಕೇಳುತ್ತವೆ. ಉರ್ದು ಮಾಧ್ಯಮದಲ್ಲಿ ಓದಿ ಕನ್ನಡವನ್ನು ಮೂರನೇ ಭಾಷೆಯಾಗಿ ಇಟ್ಟುಕೊಂಡ ಹುಡುಗಿ, ಎಷ್ಟೇ ಅಂಕ ಇದ್ದರೂ, ಈ ಸಾಲಿನಲ್ಲಿ ನಿಂತುಬಿಡುತ್ತಾಳೆ. ಇದು ಹದಿನೆಂಟನೇ ವರ್ಷದಲ್ಲಿ ತಿಳಿದರೆ ಪ್ರಯೋಜನವಿಲ್ಲ. ಎಂಟನೇ ತರಗತಿಗೆ ಸೇರಿಸುವ ದಿನವೇ ಭಾಷೆಗಳ ಕ್ರಮವನ್ನು ಮುಖ್ಯೋಪಾಧ್ಯಾಯರ ಜೊತೆ ಮಾತಾಡಿ ನಿರ್ಧರಿಸಿ. ಉರ್ದು ಬಿಡಿ ಎಂದು ನಾವು ಹೇಳುತ್ತಿಲ್ಲ. ಉರ್ದುವಿನ ಜೊತೆ ಕನ್ನಡವೂ ಗಟ್ಟಿಯಾಗಿರಲಿ. ನಮ್ಮ ಓಣಿಗಳ ಅಂಗನವಾಡಿಗೆ ಎರಡೂ ಭಾಷೆ ಬಲ್ಲವರೇ ಬೇಕು.

ಎರಡನೆಯದು ಹೆಸರು. ಆಧಾರ್‌ನಲ್ಲಿ ಬೇಗಂ, ಅಂಕಪಟ್ಟಿಯಲ್ಲಿ ಬಾನು, ರೇಷನ್ ಕಾರ್ಡಿನಲ್ಲಿ ಬಿ. ಮದುವೆಯಾದರೆ ಗಂಡನ ಮನೆತನದ ಹೆಸರು ಬೇರೆ. ಅರ್ಜಿ ಕರೆದಾಗ ಇರುವ ಕೆಲವೇ ದಿನಗಳಲ್ಲಿ ಇದನ್ನು ಸರಿಪಡಿಸಲು ಆಗುವುದಿಲ್ಲ. ಈಗಲೇ ಸರಿಪಡಿಸಿಕೊಳ್ಳಿ. ತಹಶೀಲ್ದಾರರಿಂದ ವಾಸಸ್ಥಳ ದೃಢೀಕರಣ ಪತ್ರವನ್ನೂ ತೆಗೆಸಿ ಇಟ್ಟುಕೊಳ್ಳಿ.

ಇನ್ನು ಹಣದ ಮಾತು. ಇದು ಸಂಬಳವಲ್ಲ, ಗೌರವಧನ. ಕೇಂದ್ರ ಸರ್ಕಾರ 2018ರಲ್ಲಿ ನಿಗದಿ ಮಾಡಿದ್ದು ಕಾರ್ಯಕರ್ತೆಗೆ ತಿಂಗಳಿಗೆ 4,500, ಸಹಾಯಕಿಗೆ 2,250 ರೂಪಾಯಿ. ಅದರ ಮೇಲೆ ರಾಜ್ಯ ಸರ್ಕಾರ ತನ್ನ ಪಾಲು ಸೇರಿಸುತ್ತದೆ. 2025-26ರ ರಾಜ್ಯ ಬಜೆಟ್ಟಿನಲ್ಲಿ ಕಾರ್ಯಕರ್ತೆಯರಿಗೆ 1,000, ಸಹಾಯಕಿಯರಿಗೆ 750 ರೂಪಾಯಿ ಹೆಚ್ಚಿಸಲಾಯಿತು. ಎಲ್ಲ ಸೇರಿ ಕಾರ್ಯಕರ್ತೆಗೆ ಹತ್ತು ಹನ್ನೆರಡು ಸಾವಿರದ ಆಸುಪಾಸು. ಸುಪ್ರೀಂ ಕೋರ್ಟು 2022ರ ಏಪ್ರಿಲ್‌ನಲ್ಲಿ ಇವರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದು ತೀರ್ಪು ಕೊಟ್ಟಿದೆ. ಸಂಸಾರವನ್ನು ಪೂರ್ತಿ ಹೊರುವ ಆದಾಯ ಇದಲ್ಲ ಎಂಬುದನ್ನು ತಿಳಿದೇ ಈ ದಾರಿ ಹಿಡಿಯಬೇಕು.

ಮುಂದಿನ ಮೆಟ್ಟಿಲುಗಳು

ಅಂಗನವಾಡಿ ಕಾರ್ಯಕರ್ತೆ ಆದವಳು ಅಲ್ಲಿಯೇ ನಿಲ್ಲಬೇಕಾಗಿಲ್ಲ. ಸುಮಾರು 20ರಿಂದ 25 ಅಂಗನವಾಡಿಗಳಿಗೆ ಒಬ್ಬ ಮೇಲ್ವಿಚಾರಕಿ ಇರುತ್ತಾರೆ. ಅದಕ್ಕೆ ಪದವಿ ಬೇಕು. ಈ ಹುದ್ದೆಗಳಲ್ಲಿ ಒಂದು ಪಾಲು ಸೇವೆಯಲ್ಲಿರುವ ಕಾರ್ಯಕರ್ತೆಯರಿಗೆ ಮೀಸಲು. ಅವರ ಮೇಲೆ ತಾಲ್ಲೂಕಿನ ಮಟ್ಟದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಜನ ಸಿ.ಡಿ.ಪಿ.ಓ. ಎನ್ನುವವರು. ಆ ಹುದ್ದೆಗೆ ಕರ್ನಾಟಕ ಲೋಕಸೇವಾ ಆಯೋಗದ ಪರೀಕ್ಷೆ ಬರೆಯಬೇಕು. ಮೇಲ್ವಿಚಾರಕಿಗೂ ಅಧಿಕಾರಿಗೂ ಸಿಗುವುದು ಗೌರವಧನವಲ್ಲ, ಪೂರ್ಣ ಸರ್ಕಾರಿ ವೇತನ. ಆದ್ದರಿಂದ ಕೆಲಸ ಸಿಕ್ಕ ಹುಡುಗಿಗೆ ನಮ್ಮ ಮಾತು ಒಂದೇ: ದೂರಶಿಕ್ಷಣದಲ್ಲಾದರೂ ಪದವಿ ಮುಗಿಸು, ಬಿಡಬೇಡ.

ಎಲ್.ಕೆ.ಜಿ., ಯು.ಕೆ.ಜಿ. ಶಿಕ್ಷಕಿ

ಈಗ ಸರ್ಕಾರಿ ಶಾಲೆಗಳಲ್ಲಿಯೂ ಎಲ್.ಕೆ.ಜಿ., ಯು.ಕೆ.ಜಿ. ಬರುತ್ತಿವೆ, ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಇವೆ. ಖಾಸಗಿ ಶಾಲೆಗಳಂತೂ ಪ್ರತಿ ಊರಿನಲ್ಲಿವೆ. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್.ಸಿ.ಟಿ.ಇ., ಶಾಲಾಪೂರ್ವ ಶಿಕ್ಷಕಿಗೆ ಇಟ್ಟಿರುವ ಅರ್ಹತೆ ಇದು: ಪಿಯುಸಿಯಲ್ಲಿ ಶೇ. 50 ಅಂಕ, ಜೊತೆಗೆ ಕನಿಷ್ಠ ಎರಡು ವರ್ಷದ ಮಾನ್ಯತೆ ಪಡೆದ ಡಿಪ್ಲೊಮಾ.

ಇಲ್ಲಿ ನಮ್ಮ ತಪ್ಪೊಂದನ್ನು ದಾನಿಗಳ ಮುಂದೆ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಹುಡುಗಿಗೆ ನಾವೇ ಒಂದು ವರ್ಷದ ಖಾಸಗಿ "ನರ್ಸರಿ ಟೀಚರ್ ಟ್ರೇನಿಂಗ್" ಕೋರ್ಸಿಗೆ ಶುಲ್ಕ ಕಟ್ಟಿದೆವು. ದೊಡ್ಡ ಬೋರ್ಡು, ಬಣ್ಣದ ಪ್ರಮಾಣಪತ್ರ, ನೂರಕ್ಕೆ ನೂರು ಕೆಲಸದ ಭರವಸೆ. ಅವಳು ಮನಸ್ಸಿಟ್ಟು ಓದಿದಳು. ಮುಂದೆ ಸರ್ಕಾರಿ ಶಾಲೆಯೊಂದರಲ್ಲಿ ಅರ್ಜಿ ಹಾಕಿದಾಗ ಆ ಕಾಗದಕ್ಕೆ ಮಾನ್ಯತೆಯೇ ಇಲ್ಲ ಎಂದು ಗೊತ್ತಾಯಿತು. ಹೋದದ್ದು ನಿಮ್ಮ ಹಣ, ಅದಕ್ಕಿಂತ ಹೆಚ್ಚಾಗಿ ಅವಳ ಒಂದು ವರ್ಷ. ಎನ್.ಸಿ.ಟಿ.ಇ. ಪಟ್ಟಿಯಲ್ಲಿ ಸಂಸ್ಥೆಯ ಹೆಸರಿದೆಯೇ ಎಂದು ನಾವು ನೋಡಿರಲಿಲ್ಲ. ಅವಳು ನಮ್ಮನ್ನು ದೂರಲಿಲ್ಲ, "ಇರಲಿ ಬಿಡ್ರಿ ಸರ್, ಮಕ್ಕಳಿಗೆ ಹಾಡು ಹೇಳಿಕೊಡೂದಾರ ಕಲಿತೆ" ಎಂದಳು. ಅದು ನಮಗೆ ಇನ್ನೂ ಹೆಚ್ಚು ನೋವಾಯಿತು. ಅಂದಿನಿಂದ ಮಾನ್ಯತೆಯ ದಾಖಲೆ ನೋಡದೆ ಯಾವ ತರಬೇತಿಗೂ ಹಣ ಕಟ್ಟುವುದಿಲ್ಲ ಎಂದು ಸಮಿತಿ ನಿರ್ಧರಿಸಿದೆ. ಪಾಲಕರೂ ಶುಲ್ಕ ಕಟ್ಟುವ ಮೊದಲು ನಮ್ಮನ್ನೊಮ್ಮೆ ಕೇಳಿ.

ಹಾಗಾದರೆ ಯಾವ ಕೋರ್ಸು? ನಮ್ಮ ಅನುಭವದಲ್ಲಿ ಭದ್ರವಾದದ್ದು ಡಿ.ಎಲ್.ಎಡ್., ಹಿಂದಿನ ಟಿ.ಸಿ.ಎಚ್. ದಾರಿ. ಪಿಯುಸಿ ನಂತರ ಎರಡು ವರ್ಷ. ಬೆಳಗಾವಿ ಮತ್ತು ಚಿಕ್ಕೋಡಿಯಲ್ಲಿ ಸರ್ಕಾರದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳು ಇವೆ. ಇದನ್ನು ಮುಗಿಸಿ ಶಿಕ್ಷಕರ ಅರ್ಹತಾ ಪರೀಕ್ಷೆ ಪಾಸಾದರೆ ಒಂದರಿಂದ ಐದನೇ ತರಗತಿಯ ಶಿಕ್ಷಕರ ನೇಮಕಾತಿಗೆ ನಿಲ್ಲಬಹುದು. ಒಂದು, ಎರಡನೇ ತರಗತಿಗಳೂ ಬುನಾದಿ ಹಂತದಲ್ಲೇ ಬರುತ್ತವೆ ಎಂಬುದನ್ನು ಮರೆಯಬೇಡಿ.

ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ, ಅಂದರೆ ಇಗ್ನೋ, ಪಿಯುಸಿ ಆದವರಿಗೆ ಶಿಶು ಆರೈಕೆ ಮತ್ತು ಶಿಕ್ಷಣದ ಡಿಪ್ಲೊಮಾ ನಡೆಸುತ್ತದೆ. ಮನೆಯಲ್ಲಿದ್ದೇ ಒಂದು ವರ್ಷದಲ್ಲಿ ಮುಗಿಸಬಹುದು. ಈಗಾಗಲೇ ಕೆಲಸದಲ್ಲಿರುವವರಿಗೆ, ಸಂಸ್ಥೆಗಳಲ್ಲಿ ಸೇರುವವರಿಗೆ ಇದು ಬಹಳ ಉಪಯುಕ್ತ. ಆದರೆ ಎರಡು ವರ್ಷದ ಡಿಪ್ಲೊಮಾ ಕೇಳುವ ಹುದ್ದೆಗೆ ಇದು ಸಾಲದು.

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಇನ್ನೊಂದು ದಾರಿ ಇದೆ, ನಮ್ಮ ಜನರಿಗೆ ಅಷ್ಟು ಪರಿಚಯವಿಲ್ಲ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಸಮುದಾಯ ವಿಜ್ಞಾನ ಮಹಾವಿದ್ಯಾಲಯವಿದೆ. ಹಿಂದೆ ಗೃಹವಿಜ್ಞಾನ ಕಾಲೇಜು ಎನ್ನುತ್ತಿದ್ದರು. ನಾಲ್ಕು ವರ್ಷದ ಪದವಿ. ಅಲ್ಲಿ ಮಾನವ ಅಭಿವೃದ್ಧಿ, ಆಹಾರ ಮತ್ತು ಪೋಷಣೆ ಓದಿದವರು ಇಲಾಖೆಯ ಅಧಿಕಾರಿ ಹುದ್ದೆ, ಆಸ್ಪತ್ರೆ, ಸಂಶೋಧನೆ, ಸ್ವಯಂಸೇವಾ ಸಂಸ್ಥೆ, ಎಲ್ಲ ಕಡೆ ಹೋಗಬಲ್ಲರು. ಮನೋಳಿಯಿಂದ ಧಾರವಾಡ ದೂರವೇನಲ್ಲ, ಮಗಳನ್ನು ಹಾಸ್ಟೆಲಿನಲ್ಲಿ ಬಿಡುವ ಧೈರ್ಯವೇ ದೂರ.

ಕೂಸಿನ ಮನೆ

ಹೊಲಕ್ಕೆ, ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಕೂಸುಗಳಿಗಾಗಿ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 2023ರ ನಂತರ "ಕೂಸಿನ ಮನೆ" ಎಂಬ ಶಿಶುಪಾಲನಾ ಕೇಂದ್ರಗಳನ್ನು ತೆರೆದಿದ್ದಾರೆ. ಊರಿನ ಮಹಿಳೆಯರಿಗೇ ತರಬೇತಿ ಕೊಟ್ಟು ಆರೈಕೆದಾರರನ್ನಾಗಿ ಮಾಡುತ್ತಾರೆ, ಕೂಲಿ ಕೊಡುತ್ತಾರೆ. ಓದು ಅರ್ಧಕ್ಕೆ ನಿಂತ ನಮ್ಮ ಸೊಸೆಯಂದಿರಿಗೆ ಇದು ಮನೆಯ ಹೊಸ್ತಿಲು ದಾಟುವ ಮೊದಲ ಹೆಜ್ಜೆಯಾಗಬಹುದು. ಮನೋಳಿ ಪುರಸಭೆಯ ಊರಾದ್ದರಿಂದ ಇಲ್ಲಿ ಅಲ್ಲ, ಸುತ್ತಲಿನ ಹಳ್ಳಿಗಳ ಪಂಚಾಯಿತಿಯಲ್ಲಿ ವಿಚಾರಿಸಬೇಕು.

ಮಕ್ಕಳ ಪರವಾಗಿ ಮಾತಾಡುವ ಕೆಲಸ

ಮಕ್ಕಳಿಗೆ ಕಲಿಸುವುದು ಒಂದು ಕೆಲಸ. ಕಲಿಸುವ ವ್ಯವಸ್ಥೆ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುವುದು ಇನ್ನೊಂದು. ಇದು ಯಾಕೆ ಬೇಕು? ನಮ್ಮ ಸಂವಿಧಾನದಲ್ಲಿ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಮೂಲಭೂತ ಹಕ್ಕು. ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಆ ಹಕ್ಕಿಲ್ಲ; 2002ರ ತಿದ್ದುಪಡಿಯ ನಂತರ 45ನೇ ವಿಧಿ, ಸರ್ಕಾರ ಅದಕ್ಕಾಗಿ ಪ್ರಯತ್ನಿಸಬೇಕು ಎಂದಷ್ಟೇ ಹೇಳುತ್ತದೆ. ಹಕ್ಕಿಲ್ಲದ ಕಡೆ ಕೇಳುವವರು ಬೇಕಾಗುತ್ತದೆ.

ಇಲ್ಲಿ ಗಂಡುಮಕ್ಕಳಿಗೂ ಅವಕಾಶವಿದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು, ಕ್ಷೇತ್ರ ಕಾರ್ಯಕರ್ತರು ಗುತ್ತಿಗೆಯ ಮೇಲೆ ದುಡಿಯುತ್ತಾರೆ. ಮಕ್ಕಳ ಸಹಾಯವಾಣಿ 1098 ಈಗ ಸರ್ಕಾರದ ಕೈಯಲ್ಲೇ ನಡೆಯುತ್ತಿದೆ, ಅಲ್ಲಿಯೂ ಸಿಬ್ಬಂದಿ ಬೇಕು. ಸಮಾಜಕಾರ್ಯದ ಪದವಿ, ಅಂದರೆ ಬಿ.ಎಸ್.ಡಬ್ಲ್ಯೂ., ಎಂ.ಎಸ್.ಡಬ್ಲ್ಯೂ., ಈ ಹುದ್ದೆಗಳಿಗೆ ಕೇಳುವ ಓದು. ಸ್ವಯಂಸೇವಾ ಕ್ಷೇತ್ರದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್, ಅಕ್ಷರ ಫೌಂಡೇಶನ್, ಪ್ರಥಮ್, ಚೈಲ್ಡ್ ರೈಟ್ಸ್ ಟ್ರಸ್ಟ್ ಮುಂತಾದ ಸಂಸ್ಥೆಗಳು ರಾಜ್ಯದಲ್ಲಿ ಕೆಲಸ ಮಾಡುತ್ತಿವೆ. ಧಾರವಾಡದಲ್ಲಿ ಕರ್ನಾಟಕ ಬಾಲವಿಕಾಸ ಅಕಾಡೆಮಿ ಇದೆ.

ಸಂಬಳವಿಲ್ಲದಿದ್ದರೂ ನಾವು ಇಂದೇ ಮಾಡಬಹುದಾದ ಕೆಲಸವೂ ಇದೆ. ಪ್ರತಿ ಅಂಗನವಾಡಿಗೆ ಒಂದು ಬಾಲವಿಕಾಸ ಸಮಿತಿ ಇರುತ್ತದೆ. ಮಕ್ಕಳ ತಾಯಂದಿರು ಅದರಲ್ಲಿ ಇರಬಹುದು. ಗ್ರಾಮ ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯಬೇಕು. ಅಂಗನವಾಡಿಗೆ ಸ್ವಂತ ಕಟ್ಟಡ ಇಲ್ಲ, ಶೌಚಾಲಯ ಇಲ್ಲ, ಮೊಟ್ಟೆ ಬಂದಿಲ್ಲ ಎಂಬ ಮಾತುಗಳನ್ನು ಕಟ್ಟೆಯ ಮೇಲೆ ಆಡಿದರೆ ಏನೂ ಆಗುವುದಿಲ್ಲ. ಸಭೆಯಲ್ಲಿ ಎದ್ದು ಹೇಳಿ, ನಡಾವಳಿಯಲ್ಲಿ ಬರೆಸಿದರೆ ಮಾತ್ರ ಅದು ಕಡತಕ್ಕೆ ಹೋಗುತ್ತದೆ. 2023ರ ಜನವರಿಯಲ್ಲಿ ರಾಜ್ಯದ ಅಂಗನವಾಡಿ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಹಗಲು ರಾತ್ರಿ ಕೂತು ಗ್ರಾಚ್ಯುಟಿಯ ಬೇಡಿಕೆಯನ್ನು ಮುಂದಿಟ್ಟರು. ಸರ್ಕಾರ ಒಪ್ಪಿತು. ಕೇಳುವುದನ್ನು ಕಲಿತವರಿಗೆ ಸಿಗುತ್ತದೆ.

ಯಾರಿಗೆ ಈ ದಾರಿ, ಯಾರಿಗೆ ಅಲ್ಲ

ಪಾಲಕರಿಗೆ ಒಂದು ಮಾತು. "ಮನಿ ಹತ್ರ ಐತಿ, ಹೆಣ್ಣುಮಗಳಿಗೆ ಅನುಕೂಲ" ಎಂಬ ಒಂದೇ ಕಾರಣಕ್ಕೆ ಮಗಳನ್ನು ಇಲ್ಲಿ ಹಾಕಬೇಡಿ. ಗಣಿತದಲ್ಲಿ ಚುರುಕಾದ ಹುಡುಗಿ ಇಂಜಿನಿಯರಿಂಗ್ ಬಯಸಿದರೆ ಅವಳು ಅಲ್ಲಿಗೇ ಹೋಗಲಿ, ಅದಕ್ಕೂ ನಾವು ನೆರವಾಗುತ್ತೇವೆ. ಚಿಕ್ಕ ಮಕ್ಕಳ ಜೊತೆ ಒಂದು ತಾಸು ಕೂತರೆ ತಲೆನೋವು ಬರುವವರಿಗೆ ಈ ಕೆಲಸ ಒಗ್ಗುವುದಿಲ್ಲ, ಮಕ್ಕಳಿಗೂ ಒಳ್ಳೆಯದಲ್ಲ. ಒಂದು ಪರೀಕ್ಷೆ ಹೇಳುತ್ತೇವೆ: ಬೇಸಿಗೆ ರಜೆಯಲ್ಲಿ ಹತ್ತು ದಿನ ನಿಮ್ಮ ಓಣಿಯ ಅಂಗನವಾಡಿಯಲ್ಲಿ ಟೀಚರ್ ಅನುಮತಿ ಪಡೆದು ಕೂತು ಬರಲಿ. ಹನ್ನೊಂದನೇ ದಿನ ಅವಳೇ ಹೇಳುತ್ತಾಳೆ.

ದಾನಿಗಳಿಗೂ ಒಂದು ಮಾತು. ವೈದ್ಯಕೀಯ ವಿದ್ಯಾರ್ಥಿಯ ಹೆಸರಿನಲ್ಲಿ ಹಣ ಕೊಡುವವರು ಬಹಳ ಜನ. ಆದರೆ ಡಿ.ಎಲ್.ಎಡ್. ಓದುವ ಹುಡುಗಿಯ ಬಸ್ ಪಾಸು, ಪುಸ್ತಕ, ಹಾಸ್ಟೆಲಿನ ಊಟದ ಖರ್ಚಿಗೆ ಕೊಡಿ ಎಂದರೆ ಹಿಂದೆ ಮುಂದೆ ನೋಡುತ್ತಾರೆ. ಒಬ್ಬ ಒಳ್ಳೆಯ ಬಾಲವಾಡಿ ಶಿಕ್ಷಕಿ ತನ್ನ ಸೇವೆಯಲ್ಲಿ ಎಷ್ಟು ಮಕ್ಕಳ ಕೈ ಹಿಡಿದು ಮೊದಲ ಅಕ್ಷರ ಬರೆಸುತ್ತಾಳೆ ಎಂದು ಲೆಕ್ಕ ಹಾಕಿ ನೋಡಿ. ಸದಖಾ ಜಾರಿಯಾ ಎಂದರೆ ಬಾವಿ ತೋಡಿಸುವುದು ಮಾತ್ರ ಅಲ್ಲ ಎಂದು ನಾವು ನಂಬಿದ್ದೇವೆ.

ಅರ್ಜಿ ಹಾಕುವವರಿಗೆ

ಡಿ.ಎಲ್.ಎಡ್., ಮಾನ್ಯತೆ ಪಡೆದ ಶಾಲಾಪೂರ್ವ ಶಿಕ್ಷಣದ ಡಿಪ್ಲೊಮಾ, ಇಗ್ನೋ ಡಿಪ್ಲೊಮಾ, ಸಮುದಾಯ ವಿಜ್ಞಾನ ಮತ್ತು ಸಮಾಜಕಾರ್ಯದ ಪದವಿ ಓದುವವರು ನಮ್ಮ ವಿದ್ಯಾರ್ಥಿವೇತನಕ್ಕೆ ಬೇರೆಲ್ಲ ಕೋರ್ಸುಗಳವರಂತೆಯೇ ಅರ್ಜಿ ಹಾಕಬಹುದು. ಅರ್ಜಿಯ ಜೊತೆ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಅಂಕಪಟ್ಟಿ, ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್, ಸಂಸ್ಥೆಯ ಮಾನ್ಯತೆಯ ಪ್ರತಿ ತನ್ನಿ. ಸರ್ಕಾರದ ಎಸ್.ಎಸ್.ಪಿ. ಪೋರ್ಟಲಿನಲ್ಲಿ ಅಲ್ಪಸಂಖ್ಯಾತರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೂ ಅರ್ಜಿ ಹಾಕಿ. ಹತ್ತನೇ ಮತ್ತು ಹನ್ನೆರಡನೇ ತರಗತಿಗಳನ್ನು ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಓದಿದ ಹುಡುಗಿಯರು ಪದವಿ ಅಥವಾ ಡಿಪ್ಲೊಮಾದ ಮೊದಲ ವರ್ಷದಲ್ಲಿದ್ದರೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುವ ವರ್ಷಕ್ಕೆ 30,000 ರೂಪಾಯಿಯ ನೆರವನ್ನೂ ವಿಚಾರಿಸಿ. ಆನ್‌ಲೈನ್ ಅರ್ಜಿ ತುಂಬಲು ಬಾರದವರು ಟ್ರಸ್ಟಿನ ಕಚೇರಿಗೆ ಬನ್ನಿ, ನಾವೇ ಕೂತು ತುಂಬಿಸಿ ಕೊಡುತ್ತೇವೆ. ಅಂಗನವಾಡಿ ನೇಮಕಾತಿಯ ವಿಚಾರಕ್ಕೆ ಸವದತ್ತಿಯ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಯನ್ನು ನೇರವಾಗಿ ಕಾಣಿ. ನಡುವಿನ ಯಾರಿಗೂ ಹಣ ಕೊಡಬೇಡಿ.

ಮೊದಲು ಹೇಳಿದ ಆ ತಂದೆಗೆ ಈಗ ನಮ್ಮ ಉತ್ತರ: ಹೌದು ರೀ, ಹನ್ನೆರಡನೆಯ ತನಕ ಓದಿದ್ದು ಸಾಲದು, ಇನ್ನೂ ಎರಡು ವರ್ಷ ಓದಿಸಿ. ಸಣ್ಣ ಮಕ್ಕಳಿಗೆ ಕಲಿಸಲು ದೊಡ್ಡ ಓದು ಬೇಕು.